ದಾಸವಾಳ: ಬೆಳೆಸುವುದು, ಬೇಸಿಗೆಯಲ್ಲಿ ಉಳಿಸುವುದು

ಈ ಸಲದ ನಮ್ಮ ಗೋಡೆ ಪತ್ರಿಕೆಗೆ ನಾನು ದಾಸವಾಳದ ಗಿಡದ ಬಗ್ಗೆ ಬರೆಯುತ್ತಿದ್ದೇನೆ. "ಅದರ ಬಗ್ಗೆ ಏನ್ ಬರೀತಿಯೋ, ಎಲ್ಲಾರ ಹಿತ್ತಲದಾಗೂ ಐತಲ್ಲ" ಎಂದು ನನ್ನ ಬೆಂಚಿನವನೇ ನಕ್ಕ. ಹಿತ್ತಲಲ್ಲಿ ಇರುವುದು ನಿಜ. ಆದರೆ ನಮ್ಮ ಶಾಲೆಯ ಅಂಗಳದಲ್ಲಿ ದೊಡ್ಡದಾಗಿ ಬೆಳೆದು ಹೂ ಬಿಡುವ ದಾಸವಾಳ ಎಷ್ಟಿವೆ? ಒಂದೇ ಒಂದು.

ಪ್ರತಿ ವರ್ಷ ಜೂನ್ 5ರಂದು ವಿಶ್ವ ಪರಿಸರ ದಿನಕ್ಕೆ ಸಸಿ ನೆಡುತ್ತೇವೆ. ಭಾಷಣ ಆಗುತ್ತದೆ, ಚಪ್ಪಾಳೆ ಆಗುತ್ತದೆ. ಮಳೆಗಾಲ, ಚಳಿಗಾಲ ಗಿಡ ಚೆನ್ನಾಗಿಯೇ ಇರುತ್ತದೆ. ಏಪ್ರಿಲ್ ಎರಡನೇ ವಾರ ಬೇಸಿಗೆ ರಜೆ ಶುರುವಾಗುತ್ತದೆ. ಮೇ ಕೊನೆಗೆ ಶಾಲೆ ಬಾಗಿಲು ತೆಗೆದಾಗ ಗುಂಡಿಯಲ್ಲಿ ಒಣ ಕಡ್ಡಿ ಮಾತ್ರ ನಿಂತಿರುತ್ತದೆ. ಮತ್ತೆ ಜೂನ್ 5, ಮತ್ತೆ ಅದೇ ಗುಂಡಿ, ಹೊಸ ಸಸಿ. ಈ ಸಲವೂ ಒಣಗಿದರೆ ಆ ಸಾಲಿಗೆಲ್ಲ ಕಲ್ಲು ಹಾಸಿಬಿಡೋಣ ಎಂಬ ಮಾತು ಬಂದಿದೆ ಎಂದು ಕೇಳಿದ್ದೇನೆ. ಹೋದ ಜುಲೈಯಲ್ಲಿ ನಾವು ಕೆಲವರು ಕಡ್ಡಿ ಊರಿ ಬೆಳೆಸಿದ ಆರು ಸಣ್ಣ ದಾಸವಾಳ ಈಗ ಆ ಸಾಲಿನಲ್ಲೇ ಇವೆ. ಅದಕ್ಕೇ ಈ ಲೇಖನ.

ಮೊದಲು ಉಳಿದ ಆ ಒಂದು ಗಿಡವನ್ನು ನೋಡಿ. ಅದು ಊಟದ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಇದೆ. ವರ್ಷಪೂರ್ತಿ ತೊಳೆದ ನೀರು ಇಂಗಿ ಅಲ್ಲಿನ ಮಣ್ಣು ಆಳದವರೆಗೆ ತೇವ ಹಿಡಿದಿದೆ. ಬೇರು ಆಳಕ್ಕೆ ಹೋಗಿದೆ. ಇನ್ನೊಂದು ಕಾರಣ ಯಾರೂ ಗಮನಿಸುವುದಿಲ್ಲ: ನೀರಿನ ತೊಟ್ಟಿಯ ಗೋಡೆ ಅದರ ಪಡುವಣ ದಿಕ್ಕಿಗಿದೆ. ಬೆಳಗಿನ ಬಿಸಿಲು ಪೂರ್ತಿ ಸಿಗುತ್ತದೆ, ಮಧ್ಯಾಹ್ನ ಎರಡರ ಮೇಲಿನ ಉರಿ ಬಿಸಿಲಿಗೆ ಗೋಡೆಯ ನೆರಳು ಬೀಳುತ್ತದೆ. ನಮ್ಮ ಕಮಲಾಪುರದ ಸುತ್ತ ಬರೀ ಬಂಡೆಗುಡ್ಡ. ಹಗಲೆಲ್ಲ ಕಾದ ಕಲ್ಲು ರಾತ್ರಿಯೂ ಬಿಸಿ ಬಿಡುತ್ತಿರುತ್ತದೆ. ಏಪ್ರಿಲ್ ಮೇನಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಗಿಡಕ್ಕೆ ಜಾಗ ಆರಿಸುವುದೇ ಅರ್ಧ ಕೆಲಸ.

ಹೆಸರು ಮತ್ತು ನೆಂಟರು

ದಾಸವಾಳದ ಶಾಸ್ತ್ರೀಯ ಹೆಸರು ಹೈಬಿಸ್ಕಸ್ ರೋಸಾ ಸೈನೆನ್ಸಿಸ್. ಸ್ವೀಡನ್ ದೇಶದ ಕಾರ್ಲ್ ಲಿನೇಯಸ್ 1753ರಲ್ಲಿ ಈ ಹೆಸರಿಟ್ಟ. ಅರ್ಥ ಚೀನಾದ ಗುಲಾಬಿ. ಅದು ಗುಲಾಬಿಯ ಜಾತಿಯಲ್ಲ. ಮಲೇಷ್ಯಾ ದೇಶ 1960ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಹೂವಾಗಿ ಆರಿಸಿಕೊಂಡಿತು. ಹಿಂದೆ ಇದರ ಎಸಳು ಉಜ್ಜಿ ಕರೀ ಬೂಟು ಹೊಳಪು ಮಾಡುತ್ತಿದ್ದರಂತೆ, ಅದಕ್ಕೇ ಇಂಗ್ಲಿಷಿನಲ್ಲಿ ಶೂ ಫ್ಲವರ್ ಅಂತಲೂ ಕರೆಯುತ್ತಾರೆ.

ಗುಲಾಬಿ ಅಂದಾಗ ನೆನಪಾಯಿತು. 1443ರಲ್ಲಿ ಇಮ್ಮಡಿ ದೇವರಾಯನ ಕಾಲಕ್ಕೆ ಪರ್ಷಿಯಾದಿಂದ ಅಬ್ದುಲ್ ರಜಾಕ್ ಎಂಬ ರಾಯಭಾರಿ ನಮ್ಮ ವಿಜಯನಗರಕ್ಕೆ ಬಂದಿದ್ದ. ಇಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುತ್ತಾರೆ, ಇಲ್ಲಿಯ ಜನಕ್ಕೆ ಊಟದಷ್ಟೇ ಹೂವೂ ಬೇಕು ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಆರುನೂರು ವರ್ಷ ಆಗುತ್ತ ಬಂತು. ನಾವು ನೋಡುವ ಆ ಕಲ್ಲಿನ ಬಜಾರುಗಳಲ್ಲಿ ಹೂವಿನ ಬುಟ್ಟಿಗಳು ಇದ್ದವು ಎಂದು ನೆನೆಸಿಕೊಂಡರೆ ಇತಿಹಾಸದ ಪಾಠ ಸ್ವಲ್ಪ ಹಗುರ ಆಗುತ್ತದೆ!

ದಾಸವಾಳದ ನಿಜವಾದ ನೆಂಟರು ನಮ್ಮ ಅಡುಗೆಮನೆಯಲ್ಲೂ ಹೊಲದಲ್ಲೂ ಇದ್ದಾರೆ. ಹತ್ತಿ, ಬೆಂಡೆ ಎರಡೂ ಇದೇ ಕುಟುಂಬ. ಇನ್ನು ರೊಟ್ಟಿ ಜತೆ ತಿನ್ನುತ್ತೇವಲ್ಲ ಪುಂಡಿಪಲ್ಯ, ಅದಂತೂ ದಾಸವಾಳದ ಖಾಸಾ ತಂಗಿ. ಹೈಬಿಸ್ಕಸ್ ಅಂತಲೇ ಅದಕ್ಕೂ ಮೊದಲ ಹೆಸರು. ನಂಬದಿದ್ದರೆ ಬೆಂಡೆ ಹೂವು, ಪುಂಡಿ ಹೂವು, ಹತ್ತಿ ಹೂವು, ದಾಸವಾಳ ನಾಲ್ಕನ್ನೂ ಒಂದೇ ಕಡೆ ಇಟ್ಟು ನೋಡಿ. ಐದೈದು ಎಸಳು, ನಡುವೆ ಒಂದು ಕಂಬ. ಮೂಗು ಎಲ್ಲರದ್ದೂ ಒಂದೇ ತರಹ ಇರುವ ಮನೆತನದ ಹಾಗೆ. ಬೆಂಡೆಕಾಯಿ ಕತ್ತರಿಸಿದಾಗ ಬರುವ ಲೋಳೆ ದಾಸವಾಳದ ಎಲೆಯಲ್ಲೂ ಇದೆ. ಅಜ್ಜಿ ಸೀಗೆಕಾಯಿ ಜತೆ ಅರೆದು ತಲೆಗೆ ಹಚ್ಚುವುದು ಆ ಲೋಳೆಯನ್ನೇ.

ಹೂವನ್ನು ಬಿಡಿಸಿ ನೋಡುವುದು

ಪಕ್ಕದಲ್ಲಿ ಚಿತ್ರ ಬರೆದಿದ್ದೇವೆ. ನೋಡುವಾಗ ಕೈಯಲ್ಲಿ ಒಂದು ಒಂಟಿ ಸುತ್ತಿನ ಕೆಂಪು ಹೂವು ಇದ್ದರೆ ಒಳ್ಳೆಯದು. ಹಲವು ಸುತ್ತಿನ ಮುದ್ದೆ ದಾಸವಾಳ ಬೇಡ. ಅದರಲ್ಲಿ ಕೇಸರಗಳೇ ಎಸಳಾಗಿ ಬದಲಾಗಿರುವುದರಿಂದ ಗೊಂದಲ ಆಗುತ್ತದೆ. ಹೊರಗೆ ಹಸಿರು ಪುಷ್ಪಪತ್ರ, ಅದರ ಕೆಳಗೆ ಇನ್ನೊಂದು ಸಣ್ಣ ಹಸಿರು ಎಳೆಗಳ ಸುತ್ತು ಇದೆ, ಇದು ಈ ಕುಟುಂಬದ ಗುರುತು. ಒಳಗೆ ಐದು ದಳ. ನಡುವಿನ ಕಂಬದ ಮೈಮೇಲೆ ಹಳದಿ ಪುಡಿಯ ಗುಂಡುಗಳು ಕೇಸರದ ಪರಾಗಕೋಶಗಳು. ಕೇಸರಗಳ ದಂಟುಗಳೆಲ್ಲ ಕೂಡಿ ಒಂದು ಕೊಳವೆ ಆಗಿವೆ. ಆ ಕೊಳವೆಯ ಒಳಗಿನಿಂದ ಶಲಾಕೆ ಹಾದು ಬಂದು ತುದಿಯಲ್ಲಿ ಐದು ಕೆಂಪು ಚುಕ್ಕೆಯಾಗಿ ಒಡೆದಿದೆ. ಬುಡದಲ್ಲಿ ಬ್ಲೇಡಿನಿಂದ ಅಡ್ಡ ಕೊಯ್ದರೆ ಅಂಡಾಶಯದ ಐದು ಕೋಣೆ ಕಾಣುತ್ತವೆ. ಬ್ಲೇಡು ದೊಡ್ಡವರ ಎದುರಿಗೇ ಹಿಡಿಯಿರಿ.

ಇಷ್ಟೆಲ್ಲ ಇದ್ದೂ ನಮ್ಮ ಹಿತ್ತಲ ಕೆಂಪು ದಾಸವಾಳ ಬೀಜ ಕಟ್ಟುವುದು ಬಹಳ ಅಪರೂಪ. ಮನುಷ್ಯರು ಬಹು ಹಿಂದಿನಿಂದ ಕಡ್ಡಿಯಿಂದಲೇ ಇದನ್ನು ಬೆಳೆಸುತ್ತ ಬಂದಿದ್ದಾರೆ. ಹೂವಿಗೆ ವಾಸನೆ ಇಲ್ಲ. ಕೆಂಪು ಬಣ್ಣ ನೋಡಿ ಬರುವುದು ಸೂರಕ್ಕಿ. ಅದು ಭಾರಿ ಜಾಣ ಹಕ್ಕಿ. ಎಷ್ಟೋ ಸಲ ಹೂವಿನ ಬಾಯಿಂದ ಹೋಗದೆ ಬುಡಕ್ಕೇ ಕೊಕ್ಕು ಚುಚ್ಚಿ ಮಕರಂದ ಕುಡಿದು ಹೋಗುತ್ತದೆ, ಪರಾಗ ಮುಟ್ಟುವುದೇ ಇಲ್ಲ.

ಕೆಂಪು ಎಸಳಿನಿಂದ ಒಂದು ಪ್ರಯೋಗವನ್ನೂ ಮಾಡಬಹುದು. ಏಳೆಂಟು ಎಸಳು ಬಿಸಿನೀರಿನಲ್ಲಿ ನೆನೆಹಾಕಿ, ಬಣ್ಣ ಇಳಿದ ನೀರನ್ನು ಸೋಸಿಕೊಳ್ಳಿ. ಅದಕ್ಕೆ ನಿಂಬೆರಸ ಹಾಕಿದರೆ ಕಡು ಗುಲಾಬಿ, ಸುಣ್ಣದ ತಿಳಿನೀರು ಹಾಕಿದರೆ ಹಸಿರು. ಆಮ್ಲ, ಪ್ರತ್ಯಾಮ್ಲ ಗುರುತಿಸುವ ಸೂಚಕ ನಮ್ಮ ಬೇಲಿಯಲ್ಲೇ ಇದೆ. ಪೇಟೆಯಿಂದ ಲಿಟ್ಮಸ್ ತರುವವರೆಗೆ ಕಾಯಬೇಕಾಗಿಲ್ಲ. ಒಂದು ದಿನ ಬಾಡಿ ಬಿದ್ದ ಹೂವೂ ಇದಕ್ಕೆ ಆಗುತ್ತದೆ. ಹೂವು ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವುದು ಇದರ ಗುಣ, ರೋಗ ಅಲ್ಲ.

ಕಡ್ಡಿ ಊರುವುದು

ಇದಕ್ಕೆ ಜೂನ್ ಕೊನೆಯಿಂದ ಆಗಸ್ಟ್‌ವರೆಗಿನ ಮೋಡದ ದಿನಗಳು ಒಳ್ಳೆಯವು. ತೀರ ಎಳೆಯ ಹಸಿರು ಕಡ್ಡಿ ಕೊಳೆಯುತ್ತದೆ, ತೀರ ಬಲಿತ ಕಟ್ಟಿಗೆ ಬೇರು ಬಿಡುವುದು ತಡ. ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ, ನಾಲ್ಕೈದು ಗಿಣ್ಣು ಇರುವ ಕಡ್ಡಿ ತೆಗೆದುಕೊಳ್ಳಿ. ಕೆಳಗಿನ ತುದಿಯನ್ನು ಗಿಣ್ಣಿನ ಸ್ವಲ್ಪವೇ ಕೆಳಗೆ ಓರೆಯಾಗಿ ಕತ್ತರಿಸಿ. ಬೇರು ಹೊರಡುವುದು ಹೆಚ್ಚಾಗಿ ಗಿಣ್ಣಿನಲ್ಲಿ. ಓರೆ ಕತ್ತರಿಸಿದರೆ ಇನ್ನೊಂದು ಉಪಯೋಗ ಇದೆ, ಯಾವುದು ಕೆಳಗೆ ಯಾವುದು ಮೇಲೆ ಎಂದು ಆಮೇಲೆ ಗುರುತು ಸಿಗುತ್ತದೆ. ತಲೆಕೆಳಗಾಗಿ ಊರಿದರೆ ಚಿಗುರುವುದಿಲ್ಲ. ಕೆಳಗಿನ ಎಲೆ ಎಲ್ಲ ತೆಗೆದು, ತುದಿಯಲ್ಲಿ ಎರಡು ಎಲೆ ಉಳಿಸಿ, ಅವನ್ನೂ ಅರ್ಧ ಕತ್ತರಿಸಿ. ಬೇರಿಲ್ಲದ ಕಡ್ಡಿ ನೀರು ಕುಡಿಯಲಾರದು. ಆದರೆ ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಎಲೆ ಕಡಿಮೆ ಮಾಡಿದರೆ ಖರ್ಚು ಕಡಿಮೆ.

ಹಾಲಿನ ಖಾಲಿ ಕವರಿಗೆ ಕೆಳಗೆ ನಾಲ್ಕು ತೂತು ಮಾಡಿ, ಅರ್ಧ ಮರಳು ಅರ್ಧ ಮಸಾರಿ ಮಣ್ಣು ತುಂಬಿ, ಎರಡು ಮೂರು ಬೆರಳು ಆಳಕ್ಕೆ ಕಡ್ಡಿ ಊರಿ ನೆರಳಲ್ಲಿ ಇಡಿ. ಗೊಬ್ಬರ ಈಗ ಬೇಡ. ಹತ್ತು ಹದಿನೈದು ದಿನಕ್ಕೆ ಚಿಗುರು ಬರುತ್ತದೆ. ಇಲ್ಲೇ ಎಚ್ಚರ! ಚಿಗುರು ಬಂದರೆ ಬೇರು ಬಂದಿದೆ ಎಂದಲ್ಲ. ಕಡ್ಡಿ ತನ್ನಲ್ಲಿ ಕೂಡಿಟ್ಟ ಆಹಾರದಿಂದಲೇ ಮೊದಲ ಚಿಗುರು ತೆಗೆಯುತ್ತದೆ. ಎಳೆದು ನೋಡುವ ಚಟದವರು ನಮ್ಮ ತರಗತಿಯಲ್ಲಿ ಇಬ್ಬರಿದ್ದಾರೆ, ಅವರಿಂದ ಕವರುಗಳನ್ನು ದೂರ ಇಡಿ. ಒಂದೂವರೆಯಿಂದ ಎರಡು ತಿಂಗಳು ಬಿಟ್ಟು, ಹೊಸ ಎಲೆ ಅಗಲವಾಗಿ ಬಲಿತ ಮೇಲೆ ನೆಲಕ್ಕೆ ಹಾಕಬೇಕು. ನಾವು ಹನ್ನೆರಡು ಕಡ್ಡಿ ಊರಿದ್ದೆವು, ಹತ್ತು ಚಿಗುರಿದವು, ಬೇರು ಬಿಟ್ಟದ್ದು ಏಳು. ಏಳರಲ್ಲಿ ಒಂದನ್ನು ಮೇಕೆ ಮುಗಿಸಿತು.

ನೆಲಕ್ಕೆ ಹಾಕುವಾಗ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ. ತೆಗೆದ ಮಣ್ಣಿಗೆ ಒಂದು ಪುಟ್ಟಿ ಹಳೇ ತಿಪ್ಪೆಗೊಬ್ಬರ ಕಲಸಿ ತುಂಬಬೇಕು. ಹಸಿ ಸಗಣಿ ಹಾಕಿದರೆ ಬೇರು ಸುಡುತ್ತದೆ, ಗೆದ್ದಲೂ ಬರುತ್ತದೆ. ಬೇಸಿಗೆಯಲ್ಲಿ ಕೆರೆ ನೀರು ಹಿಂದೆ ಸರಿದಾಗ ರೈತರು ತರುವ ಗೋಡು ಮಣ್ಣು ಸಿಕ್ಕರೆ ಒಂದು ಪುಟ್ಟಿ ಅದನ್ನೂ ಸೇರಿಸಿ. ಎರಡು ಗಿಡದ ನಡುವೆ ನಾಲ್ಕು ಅಡಿಯಾದರೂ ಇರಲಿ.

ದಾಸವಾಳ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಾಗಾಗಿ ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಸವರಬೇಕು. ಸವರಿದ ಕಡೆ ಎರಡು ಮೂರು ಕವಲು ಒಡೆದು ಹೂವೂ ಅಷ್ಟು ಹೆಚ್ಚುತ್ತವೆ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಕತ್ತರಿ ಮುಟ್ಟಿಸಬೇಡಿ, ಎಳೆ ಚಿಗುರು ಬಿಸಿಲಿಗೆ ಸುಟ್ಟು ಹೋಗುತ್ತದೆ. ಮಳೆ ಹಿಡಿದ ಮೇಲೆ ಸವರಿದರೆ ಆ ಕಡ್ಡಿಗಳೇ ಊರಲಿಕ್ಕೆ ಆಗುತ್ತವೆ.

ಹಳದಿ ಎಲೆ, ಬಿಳಿ ಹುಳ

ಕೆಳಗಿನ ಹಳೇ ಎಲೆ ಒಂದೊಂದಾಗಿ ಹಳದಿಯಾಗಿ ಬಿದ್ದರೆ ಚಿಂತೆ ಇಲ್ಲ. ಆದರೆ ತುದಿಯ ಹೊಸ ಎಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದು ಬಲೆಯ ಹಾಗೆ ಕಂಡರೆ ಅದು ಕಬ್ಬಿಣದ ಕೊರತೆ. ಇದನ್ನು ಓದಿದಾಗ ನನಗೆ ನಗು ಬಂತು. ಸಂಡೂರಿನ ಗುಡ್ಡ ಪೂರ್ತಿ ಕಬ್ಬಿಣದ ಅದಿರು, ಲಾರಿಗಳು ಹೋದ ರಸ್ತೆಯ ಧೂಳು ಕೂಡ ಕೆಂಪು, ಅದರ ಪಕ್ಕದ ಊರಲ್ಲಿ ಗಿಡಕ್ಕೆ ಕಬ್ಬಿಣ ಇಲ್ಲವೇ? ಗುರುಗಳನ್ನು ಕೇಳಿದೆ. "ಮಣ್ಣಿನಾಗ ಕಬ್ಬಿಣ ಐತಪ್ಪ, ಆದ್ರ ಸುಣ್ಣ ಜಾಸ್ತಿ ಇದ್ರ ಅದು ನೀರಿನಾಗ ಕರಗಂಗಿಲ್ಲ, ಬೇರಿಗೆ ಸಿಗಂಗಿಲ್ಲ" ಎಂದರು. ಊಟ ಕಪಾಟಿನಲ್ಲಿದೆ, ಬೀಗ ಹಾಕಿದೆ, ಹಾಗೆ. ನಮ್ಮ ಎರೆ ಮಣ್ಣಿನಲ್ಲಿ ಬಿಳೀ ಸುಣ್ಣದ ಹರಳು ಸಿಗುತ್ತವೆ. ಅವುಗಳ ಮೇಲೆ ನಿಂಬೆರಸ ಬಿಟ್ಟರೆ ಬುಸ್ ಎಂದು ನೊರೆ ಬರುತ್ತದೆ. ಆ ಮಣ್ಣಿನಲ್ಲಿ ನೆಟ್ಟವರು ತಿಪ್ಪೆಗೊಬ್ಬರ ಹೆಚ್ಚು ಹಾಕಬೇಕು. ಬೇಗ ಗುಣ ಆಗಬೇಕಾದರೆ ಅಂಗಡಿಯಲ್ಲಿ ಸಿಗುವ ಅನ್ನಭೇದಿಯನ್ನು ಲೀಟರು ನೀರಿಗೆ 5 ಗ್ರಾಂ ಕರಗಿಸಿ, ಸ್ವಲ್ಪ ನಿಂಬೆರಸ ಹಿಂಡಿ, ತಂಪು ಹೊತ್ತಿನಲ್ಲಿ ಎಲೆಗೆ ಚಿಮುಕಿಸಬೇಕು. ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ.

ನೀರು ನಿಂತರೂ ಎಲೆ ಹಳದಿಯಾಗುತ್ತದೆ. ಅನ್ನಭೇದಿ ತರುವ ಮೊದಲು ಬುಡದ ಮಣ್ಣು ಮುಟ್ಟಿ ನೋಡಿ.

ಇನ್ನು ಚಿಗುರಿಗೆ ಹತ್ತಿ ಅಂಟಿದಂತೆ ಕಾಣುವ ಬಿಳಿ ಹುಳ. ಪುಸ್ತಕದಲ್ಲಿ ಹಿಟ್ಟು ತಿಗಣೆ ಎಂದಿದೆ. ರಸ ಹೀರಿ ಎಲೆ ಮುರುಟಿಸುತ್ತದೆ. ಅದು ಬಿಡುವ ಸಿಹಿ ಅಂಟಿಗೆ ಇರುವೆ ಬರುತ್ತವೆ. ಇರುವೆಗಳು ಅದನ್ನು ದನ ಕಾದಂತೆ ಕಾಯುತ್ತವೆ, ಶತ್ರು ಕೀಟಗಳನ್ನು ಓಡಿಸುತ್ತವೆ. ಹಾಗಾಗಿ ದಾಸವಾಳದ ಮೇಲೆ ಇರುವೆ ಸಾಲು ಕಂಡರೆ ಅದರ ಹಿಂದೆಯೇ ಹೋಗಿ ನೋಡಿ, ತಿಗಣೆ ಸಿಗುತ್ತದೆ. ಶುರುವಿನಲ್ಲೇ ಆದರೆ ಆ ಚಿಗುರು ಚಿವುಟಿ ಸುಟ್ಟರೆ ಸಾಕು. ಹೆಚ್ಚಾಗಿದ್ದರೆ ಜೋರಾಗಿ ನೀರು ಹೊಡೆದು ಉದುರಿಸಿ, ಬೇವಿನ ಬೀಜದ ಕಷಾಯ ಹಾಕಿ. ಬೇವಿನ ಬೀಜದ ತಿರುಳು 50 ಗ್ರಾಂ ಜಜ್ಜಿ ಒಂದು ಲೀಟರು ನೀರಿನಲ್ಲಿ ರಾತ್ರಿ ನೆನೆಸಿ, ಸೋಸಿ, ಚಿಟಿಕೆ ಸೋಪಿನ ಪುಡಿ ಬೆರೆಸಿ ಸಂಜೆ ಸಿಂಪಡಿಸುವುದು. ಬೇವಿನ ಹಣ್ಣು ಉದುರುವ ಕಾಲಕ್ಕೆ ಆರಿಸಿ ಒಣಗಿಸಿ ಇಟ್ಟುಕೊಂಡರೆ ಪೈಸೆ ಖರ್ಚಿಲ್ಲ.

ಈ ಜಾತಿಯ ಹುಳದ ಒಂದು ಕಥೆ ಹೇಳಲೇಬೇಕು. ಪಪಾಯ ಹಿಟ್ಟು ತಿಗಣೆ ಎಂಬುದು ಹೊರದೇಶದ್ದು. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡಿತು. ಪಪಾಯ, ಹಿಪ್ಪುನೇರಳೆ, ದಾಸವಾಳ ಏನೂ ಬಿಡಲಿಲ್ಲ, ಕರ್ನಾಟಕಕ್ಕೂ ಬಂತು. ಔಷಧಿ ಹೊಡೆದರೂ ಬಗ್ಗಲಿಲ್ಲ, ಮೈಮೇಲೆ ಮೇಣದ ಹೊದಿಕೆ ಇದೆಯಲ್ಲ. ಆಗ ಬೆಂಗಳೂರಿನ ಕೀಟ ವಿಜ್ಞಾನಿಗಳು 2010ರಲ್ಲಿ ಪೋರ್ಟೊರಿಕೊ ದ್ವೀಪದಿಂದ ಒಂದು ಪುಟ್ಟ ಕಣಜ ತರಿಸಿದರು. ಹೆಸರು ಅಸಿರೊಫ್ಯಾಗಸ್ ಪಪಾಯೆ. ಅದು ತಿಗಣೆಯ ಹೊಟ್ಟೆಯೊಳಗೇ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದ ತಿಂದು ಹೊರಗೆ ಬರುತ್ತದೆ. ಬಿಟ್ಟ ಕಡೆಯೆಲ್ಲ ತಿಗಣೆ ಹತೋಟಿಗೆ ಬಂತು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹುಳ ಅದು. ಬಿಳಿ ಹುಳ ಕಂಡ ತಕ್ಷಣ ಹೊಲದ ವಿಷದ ಡಬ್ಬಿ ತರಬೇಡಿ, ಇಂಥ ಉಪಕಾರಿ ಹುಳಗಳೂ ಸಾಯುತ್ತವೆ. ಮೇಲಾಗಿ ಇದು ಮಕ್ಕಳು ಓಡಾಡುವ ಜಾಗ.

ಮೇಕೆ ಮತ್ತು ಮಂಗಗಳಿಗೆ ಔಷಧಿ ಇಲ್ಲ. ಹಂಪಿ ಕಡೆಯಿಂದ ಬರುವ ಮುಸುವಗಳಿಗೆ ದಾಸವಾಳದ ಮೊಗ್ಗು ಅಂದರೆ ಪಂಚಪ್ರಾಣ. ಮೇಕೆಗೆ ಜಾಲಿ ಮುಳ್ಳು ಕಟ್ಟಿದ್ದೇವೆ. "ಮೇಕೆ ತಿನ್ನದ ಕಣಗಿಲೆ ಹಾಕ್ರೋ, ಕಾಟಾನೇ ಇರಂಗಿಲ್ಲ" ಎಂದು ಹಿರಿಯರೊಬ್ಬರು ಹೇಳಿದರು. ಕಣಗಿಲೆ ನೀರಿಲ್ಲದೆಯೂ ಬದುಕುತ್ತದೆ, ಹೂವೂ ಚೆಂದ. ಆದರೆ ಅದರ ಎಲೆ, ಹೂವು, ಕಡ್ಡಿ, ಬೇರು ಎಲ್ಲವೂ ವಿಷ, ಹೃದಯಕ್ಕೆ ಹೊಡೆಯುತ್ತದೆ. ಒಂದನೇ ತರಗತಿಯ ಮಕ್ಕಳು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ಅಂಗಳದಲ್ಲಿ ಅದು ಬೇಡ ಎಂದೇ ನನ್ನ ಅಭಿಪ್ರಾಯ.

ರಜೆಯ ದಿನಗಳಿಗೆ ಗಡಿಗೆ

ನೀರು ಹಾಕುವುದರಲ್ಲಿ ನಮ್ಮ ಅಜ್ಜಿಯ ಮಾತು ಸರಿ. "ದಿನಾ ಗುಟುಕು ಗುಟುಕು ಹಾಕಬ್ಯಾಡ. ಬೇರು ಮ್ಯಾಲೇ ಕುಂದರ್ತಾವ. ಒಂದ ಸಲ ಹೊಟ್ಟಿ ತುಂಬ ಹಾಕು, ಆಮ್ಯಾಲ ಎರಡ ದಿನ ಬಿಡು." ಮೇಲೆ ಮಾತ್ರ ಒದ್ದೆಯಾದರೆ ಬೇರು ಮೇಲೆಯೇ ಹರಡಿ ಬಿಸಿಲಿಗೆ ಸಿಗುತ್ತವೆ. ಆಳಕ್ಕೆ ಇಂಗಿದರೆ ಬೇರು ನೀರು ಹುಡುಕಿ ಕೆಳಗಿಳಿಯುತ್ತವೆ. ನೀರಿನ ಬೆಲೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋದಾಗ ಊರೆಲ್ಲ ಬೇರೆ ಮಾತೇ ಇರಲಿಲ್ಲ.

ರಜೆಯಲ್ಲಿ ಎರಡು ದಿನಕ್ಕೊಮ್ಮೆ ಯಾರು ಬರುತ್ತಾರೆ? ಅದಕ್ಕೆ ಗಡಿಗೆ ಉಪಾಯ. ಬಣ್ಣ ಬಳಿಯದ, ಸುಮಾರು ಹತ್ತು ಲೀಟರು ಹಿಡಿಯುವ ಮಣ್ಣಿನ ಗಡಿಗೆಯನ್ನು ಗಿಡದಿಂದ ಒಂದು ಅಡಿ ದೂರದಲ್ಲಿ ಕುತ್ತಿಗೆಯವರೆಗೆ ಹೂಳಬೇಕು. ನೀರು ತುಂಬಿ ಬಾಯಿಗೆ ಕಲ್ಲು ಮುಚ್ಚಬೇಕು. ಸುಟ್ಟ ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗುತ್ತದೆ. ಸುತ್ತ ಮಣ್ಣು ಒಣಗಿದಷ್ಟೂ ಬೇಗ ಜಿನುಗುತ್ತದೆ, ತೇವ ಇದ್ದರೆ ನಿಧಾನ. ಬೇರುಗಳು ಗಡಿಗೆಯ ಸುತ್ತ ಬಂದು ಸೇರುತ್ತವೆ. ಬುಡಕ್ಕೆ ನಾಲ್ಕು ಬೆರಳು ದಪ್ಪ ಕಬ್ಬಿನ ರವದಿ ಇಲ್ಲವೆ ಒಣ ಬಾಳೆ ಎಲೆ ಹರಡಬೇಕು, ಕಾಂಡಕ್ಕೆ ತಾಗದಂತೆ. ನಮ್ಮೂರಲ್ಲಿ ಎರಡಕ್ಕೂ ಬರ ಇಲ್ಲ. ನಮ್ಮ ಹಿತ್ತಲಲ್ಲಿ ಒಂದು ಗಡಿಗೆ ಹೂತು ಕಡ್ಡಿ ಇಳಿಸಿ ಅಳೆದೆ. ಮೂರನೇ ದಿನ ಅರ್ಧಕ್ಕೆ ಇಳಿದಿತ್ತು, ಐದನೇ ದಿನ ತಳ ಕಂಡಿತು. ಬೇಸಿಗೆಗೆ ನಾಲ್ಕು ದಿನ ಎಂದು ಹಿಡಿಯೋಣ.

ಈಗ ಲೆಕ್ಕ. ರಜೆ ಸುಮಾರು 48 ದಿನ. ನಾಲ್ಕು ದಿನಕ್ಕೊಮ್ಮೆ ಅಂದರೆ 12 ಸಲ. ಆರು ಗಿಡಕ್ಕೆ ಹತ್ತು ಲೀಟರಿನಂತೆ ಒಂದು ಸಲಕ್ಕೆ 60 ಲೀಟರು, ಅಂದರೆ 15 ಲೀಟರಿನ ನಾಲ್ಕು ಕೊಡ. ಇಬ್ಬರು ಬಂದರೆ ತಲೆಗೆ ಎರಡು ಕೊಡ. ಹನ್ನೆರಡು ಜೋಡಿ ಸಿಕ್ಕರೆ ಒಬ್ಬೊಬ್ಬರ ಪಾಲಿಗೆ ಇಡೀ ರಜೆಯಲ್ಲಿ ಒಂದೇ ಒಂದು ಬೆಳಗಿನ ಕೆಲಸ.

ಹದಿನೆಂಟು ಹೆಸರು ಈಗಾಗಲೇ ಬಂದಿವೆ. ಇನ್ನು ಆರು ಬೇಕು. ಶಾಲೆಗೆ ಹತ್ತಿರದ ಓಣಿಯವರಾದರೆ ಅನುಕೂಲ. ಊರಿಗೆ ಹೋಗುವವರು ಯಾವ ವಾರ ಇರುವುದಿಲ್ಲ ಎಂದು ಮೊದಲೇ ಹೇಳಿ, ಬದಲಿ ಜೋಡಿ ಹಾಕುತ್ತೇವೆ. ಗೇಟಿನ ಬೀಗದ ಕೈ ಯಾರ ಮನೆಯಲ್ಲಿ ಇರುತ್ತದೆ ಎಂದು ಗುರುಗಳು ತಿಳಿಸಲಿದ್ದಾರೆ. ಗಡಿಗೆ ನಾಲ್ಕು ಸಿಕ್ಕಿವೆ. ಬಾಯಿ ಒಡೆದ ಗಡಿಗೆಯಾದರೂ ನಡೆಯುತ್ತದೆ, ತಳ ಸೀಳಿರಬಾರದು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಗುಂಡಿ ತೋಡುತ್ತೇವೆ. ಹಾರೆ ಒಂದಿದೆ, ಸಲಿಕೆ ಇರುವವರು ತನ್ನಿ.